ಸಿಗದಿದ್ದರೆ ಬಿಟ್ಟು ಮುಂದೆ ಹೋಗು

ವಿದ್ಯಾನಗರದ ಒಂದು ಸಣ್ಣ ಕಂಪನಿಯಲ್ಲಿ ಆಸ್ಪತ್ರೆಗಳಿಗೆ ಸಲೈನ್ ಪಂಪು ತಯಾರಾಗುತ್ತಿತ್ತು. ರೋಗಿಗೆ ತಾಸಿಗೆ ಎಷ್ಟು ಹೋಗಬೇಕೋ ಅಷ್ಟನ್ನೇ ಹನಿಹನಿಯಾಗಿ ಬಿಡುವ ಯಂತ್ರ. ಅದರೊಳಗಿನ ಪ್ರೋಗ್ರಾಮು ಸರಿಯಿದೆಯೇ ಎಂದು ತಾಳೆ ನೋಡುವ ಪರೀಕ್ಷೆಗಳನ್ನೆಲ್ಲ ಬರೆದವಳು ರೆಬೆಕಾ. ಅವಳ ಅಪ್ಪ ಮಿಶನ್ ಶಾಲೆಯಲ್ಲಿ ಗಣಿತದ ಮಾಸ್ತರ. ಉತ್ತರ ಬಂದ ಮೇಲೆ ತಿರುಗಿ ತಾಳೆ ನೋಡದವರಿಗೆ ಅರ್ಧ ಅಂಕವನ್ನೇ ಕೊಡುತ್ತಿದ್ದ ಮನುಷ್ಯ. ಮಗಳಿಗೂ ಅದೇ ಚಾಳಿ ಅಂಟಿತ್ತು.

ತಕರಾರು ಎದ್ದದ್ದು ನೋಡಲಿಕ್ಕೆ ತೀರ ಸಣ್ಣ ವಿಷಯಕ್ಕೆ. ಪರೀಕ್ಷೆಗಳು ಓಡಬೇಕಾದರೆ ಒಂದು ಲೈಬ್ರರಿ ಬೇಕು. ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟ ಕೋಡು ಅದು. ಅದನ್ನು ಎಲ್ಲಿಡಬೇಕು ಎಂಬುದೇ ಪ್ರಶ್ನೆ. ಅದರದೊಂದು ಪೂರಾ ಪ್ರತಿಯನ್ನು ನಮ್ಮ ಪ್ರಾಜೆಕ್ಟಿನ ಒಳಗೇ ಇಟ್ಟುಕೊಂಡುಬಿಡೋಣ, ಆಗ ಕಂಪ್ಯೂಟರ್ ಯಾರದೇ ಇರಲಿ, ಕೋಡಿನ ಜೊತೆಗೆ ಪರೀಕ್ಷೆಯೂ ಬರುತ್ತದೆ ಎಂದು ರೆಬೆಕಾ ಹೇಳಿದಳು.

ಮಾಲಕ ಬಸವಕಿರಣ ಒಪ್ಪಲಿಲ್ಲ. ಹತ್ತಿ ವ್ಯಾಪಾರದ ಮನೆತನದವನು, ತಾನೂ ಎಂಜಿನಿಯರು, ಮಾತಿನಲ್ಲಿ ಯಾರಿಗೂ ಸೋಲುವವನಲ್ಲ.

"ಮಂದಿ ಕೋಡು ನಮ್ಮ ಮನ್ಯಾಗ ಯಾಕ್ರಿ ಮೇಡಮ್? ಅವರವರ ಕಂಪ್ಯೂಟರಿನ್ಯಾಗ ಅವರವರು ಹಾಕ್ಕೊಳ್ಳಲಿ. ನಮ್ಮ ಪ್ರಾಜೆಕ್ಟು ಅದನ್ನ ಹುಡಿಕಿ ಜೋಡಿಸ್ಕೋತದ. ಹಗೂರ ಇರ್ತದ."

"ಯಾರರೆ ಹಾಕ್ಕೊಂಡಿರಲಿಲ್ಲಂದ್ರ, ಸರ್?"

"ಸಿಗಲಿಲ್ಲಂದ್ರ ಪರೀಕ್ಷಾ ಬಿಟ್ಟು ಮುಂದ ಹೋಗಲಿ. ಗಿರಾಕಿ ಎದುರಿಗೆ ಕುಂತಾಗ ಕೆಲಸ ನಿಂತ್ರ ಮರ್ಯಾದಿ ಹೋಗ್ತದ."

"ಸಿಗಲಿಲ್ಲಂದ್ರ ನಿಲ್ಲಲಿ ಸರ್. ಅಷ್ಟರೆ ಮಾಡ್ರಿ. ಪರೀಕ್ಷಾ ಆಗದ ಪ್ರೋಗ್ರಾಮು ಹೊರಗ ಹೋಗಬಾರದು."

"ನೀವು ಭಾಳ ಅಂಜ್ತೀರಿ," ಎಂದು ಅವನು ನಕ್ಕ. ಮೀಟಿಂಗಿನಲ್ಲಿ ಕೂತಿದ್ದ ಉಳಿದವರೂ ನಕ್ಕರು. ಸಿಗದಿದ್ದರೆ ಬಿಟ್ಟು ಮುಂದೆ ಹೋಗು ಎಂಬ ಸಾಲನ್ನು ಬಸವಕಿರಣ ತಾನೇ ಬರೆದು ಸೇರಿಸಿದ. ರೆಬೆಕಾ ಆಮೇಲೆಯೂ ಆಗಾಗ ಆ ಮಾತು ಎತ್ತಿದಳು. ಎತ್ತಿದಾಗಲೆಲ್ಲ ಅದೇ ನಗು ಬಂತು. ಕೊನೆಗೆ ಎತ್ತುವುದನ್ನು ಬಿಟ್ಟಳು.

ಕೆಲ ತಿಂಗಳಿಗೆ ಸ್ನೇಹಲ್ ಎಂಬ ಹೊಸ ಹುಡುಗಿ ಕೆಲಸಕ್ಕೆ ಸೇರಿದಳು. ಹೊಸ ಕಂಪ್ಯೂಟರ್ ಕೊಟ್ಟರು. ಅದರಲ್ಲಿ ಆ ಲೈಬ್ರರಿ ಇರಲಿಲ್ಲ. ಹಾಕಿಕೊಳ್ಳಬೇಕೆಂದು ಅವಳಿಗೆ ಯಾರೂ ಹೇಳಲಿಲ್ಲ. ಪಂಪಿನ ಪರದೆಯ ಮೇಲೆ ದಶಮಾಂಶದ ಚುಕ್ಕೆ ಸರಿಯಾಗಿ ಕಾಣುವಂತೆ ತಿದ್ದುವುದು ಅವಳ ಮೊದಲ ಕೆಲಸ. ತಿದ್ದಿದಳು. ಕೆಲಸ ಮುಗಿದಾಗ ಅವಳ ಕಂಪ್ಯೂಟರಿನಲ್ಲಿ ಎಲ್ಲ ಸರಿ ಎನ್ನುವ ಹಸಿರು ಅಕ್ಷರ ಮೂಡಿತು.

"ಪರೀಕ್ಷಾ ಎಲ್ಲಾ ಆದುವೇನ?" ಎಂದು ರೆಬೆಕಾ ಕೇಳಿದಳು.

"ಒಂದೂ ಫೇಲ್ ಇಲ್ಲ ಅಕ್ಕಾ."

ಹುಡುಗಿ ಹೇಳಿದ್ದು ಸುಳ್ಳಾಗಿರಲಿಲ್ಲ. ಓಡದ ಪರೀಕ್ಷೆ ಫೇಲಾಗುವುದಾದರೂ ಹೇಗೆ? ಹೊಸ ಪ್ರೋಗ್ರಾಮು ಪಂಪುಗಳೊಳಗೆ ಕೂತು ಊರ ಆಸ್ಪತ್ರೆಗಳಿಗೆ ಹೋಯಿತು.

ಅಂಥ ಒಂದು ಆಸ್ಪತ್ರೆಯಲ್ಲಿ ಗುಲ್ಜಾರಬಿ ಎಂಬ ವಯಸ್ಸಾದ ಹೆಂಗಸು ಮಲಗಿದ್ದಳು. ಹೃದಯ ದುರ್ಬಲವಾಗಿತ್ತು, ಸಲೈನು ತೀರ ನಿಧಾನ ಹೋಗಬೇಕಿತ್ತು. ನರ್ಸ್ ಕಾವೇರಿ ಪಂಪನ್ನು ತಾಸಿಗೆ ಹನ್ನೆರಡೂವರೆ ಮಿಲಿಲೀಟರಿಗೆ ಇಟ್ಟಳು. ಪರದೆ ಹನ್ನೆರಡೂವರೆ ಎಂದೇ ತೋರಿಸಿತು. ಒಳಗೆ ಪಂಪು ಅದರ ಹತ್ತು ಪಟ್ಟು ಬಿಡುತ್ತಿತ್ತು. ಮುದುಕಿಗೆ ಏದುಸಿರು ಹತ್ತಿ ಕಾವೇರಿ ಓಡಿ ಬಂದು ನಳಿಕೆ ಕಿತ್ತಾಗ ಬಾಟಲಿ ಬರಿದಾಗಿತ್ತು, ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಐಸಿಯುಗೆ ಒಯ್ದರು. ಜೀವ ಉಳಿಯಿತು, ಆದರೆ ಆಕ್ಸಿಜನ್ ಇಲ್ಲದೆ ಕೂರಲಾಗದ ಸ್ಥಿತಿ.

ಕಂಪನಿ ಆಸ್ಪತ್ರೆಗೆ ಒಂದೇ ಮಾತು ಹೇಳಿತು: ನಮ್ಮ ಯಂತ್ರ ಪಾಸಾಗಿ ಬಂದದ್ದು, ನರ್ಸೇ ತಪ್ಪು ಒತ್ತಿರಬೇಕು. ಆಸ್ಪತ್ರೆಯವರು ಕಾವೇರಿಯನ್ನು ಕೆಲಸದಿಂದ ನಿಲ್ಲಿಸಿದರು.

ಸುದ್ದಿ ಕೇಳಿದ ರೆಬೆಕಾ ಹೊಸ ಕೋಡನ್ನು ತನ್ನ ಕಂಪ್ಯೂಟರಿನಲ್ಲಿ ಓಡಿಸಿದಳು. ಕಣ್ಣುಮುಚ್ಚಿ ತೆರೆಯುವುದರೊಳಗೆ ಒಂದು ಪರೀಕ್ಷೆ ಕೆಂಪಾಯಿತು. ದಶಮಾಂಶ ತಪ್ಪಬಾರದೆಂದು ಅವಳೇ ಬರೆದಿಟ್ಟ ಪರೀಕ್ಷೆ. ಪರದೆಯ ಚುಕ್ಕೆ ತಿದ್ದುವಾಗ ಒಳಗಿನ ಲೆಕ್ಕದ ಚುಕ್ಕೆ ಜರುಗಿತ್ತು. ಸ್ನೇಹಲ್‌ಳ ಮೇಜಿಗೆ ಹೋಗಿ ಅಲ್ಲೂ ಓಡಿಸಿದಳು. ಹಸಿರು. ಲೈಬ್ರರಿ ಸಿಕ್ಕಿಲ್ಲ, ಬಿಟ್ಟು ಮುಂದೆ ಹೋಗಿದೆ. ವಿಷಯ ತಿಳಿದ ಹುಡುಗಿ ಕುರ್ಚಿಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು.

ರೆಬೆಕಾ ನೇರ ಬಸವಕಿರಣನ ಕೋಣೆಗೆ ನಡೆದಳು. ಅವನು ಕೇಳಿಸಿಕೊಂಡ. ಮುಖ ಬಿಳಿಚಿತು, ಆದರೆ ಮಾತು ತಡವರಿಸಲಿಲ್ಲ.

"ಆಸ್ಪತ್ರಿಯವರು ಕೇಳಿದ್ರ, ಯಾವ ಪರೀಕ್ಷಾನೂ ಫೇಲ್ ಆಗಿಲ್ಲ ಅನ್ರಿ. ಅದು ಖರೇನ ಐತಲ್ಲ?"

"ಅವು ಓಡೇ ಇಲ್ಲ, ಸರ್. ಆ ನರ್ಸ್ ಮನ್ಯಾಗ ಕುಂತಾಳ."

"ಆಕೀಗೆ ಬ್ಯಾರೆ ಕಡೆ ಕೆಲಸ ಸಿಗ್ತದ. ಈ ಕಂಪನಿ ಮುಚ್ಚಿದ್ರ ಇಲ್ಲಿದ್ದವರೆಲ್ಲ ಎಲ್ಲಿ ಹೋಗಬೇಕ್ರಿ? ಆ ಸ್ನೇಹಲ್ ಎಲ್ಲಿ ಹೋಗಬೇಕು?"

ರೆಬೆಕಾ ಚೀಲ ಹೆಗಲಿಗೇರಿಸಿ ಆಸ್ಪತ್ರೆಗೆ ಹೋದಳು. ದೊಡ್ಡ ಡಾಕ್ಟರಿಗೆ ಎಲ್ಲವನ್ನೂ ಹೇಳಿದಳು. ಅವರು ಅಂದೇ ಆ ಪಂಪುಗಳನ್ನೆಲ್ಲ ತೆಗೆಸಿದರು. ಐಸಿಯುವಿನ ಹೊರಗೆ ಗುಲ್ಜಾರಬಿಯ ಮಗ ಯಾಸೀನ ಕೂತಿದ್ದ. ಗೋಪನಕೊಪ್ಪದಲ್ಲಿ ಅವನದೊಂದು ಟೈರಿನ ಅಂಗಡಿ. ರೆಬೆಕಾಳ ಮನೆಯೂ ಅಲ್ಲೇ, ಮುಖ ಕಂಡು ಪರಿಚಯವಿತ್ತು. ಅವನಿಗೂ ಹೇಳಿದಳು. ಅವನು ಸಿಟ್ಟಿಗೇಳಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ಸಂಕಟವಾಯಿತು.

"ಹಿಂಗ ಆಗಬಹುದಂತ ನಿಮಗ ಮದಲ ಗೊತ್ತಿತ್ತೇನ್ರಿ, ಅಕ್ಕಾರ?"

"ಗೊತ್ತಿತ್ತು. ಹೇಳಿದ್ದೆ. ಕೇಳಲಿಲ್ಲ."

"ಕೇಳಲಿಲ್ಲಂತ ನೀವೂ ಸುಮ್ಮನಾದ್ರಿ." ಅವನು ನೆಲ ನೋಡುತ್ತ ಹೇಳಿದ. "ಈಗ ಖರೇ ಹೇಳಿದ್ದು ಛಲೋ ಆತು. ಆದ್ರ ಅದರಿಂದ ನಮ್ಮ ಅಮ್ಮಿಗೆ ಉಸರು ಬರೂದಿಲ್ಲರೀ."

ಮರುದಿನ ಕಂಪನಿಯ ಬಾಗಿಲಲ್ಲೇ ರೆಬೆಕಾಳನ್ನು ತಡೆದರು. ಒಳಗಿನ ಗುಟ್ಟು ಹೊರಗೆ ಹಾಕಿದಳೆಂಬ ಕಾರಣ. ಕಾವೇರಿಯನ್ನು ಆಸ್ಪತ್ರೆ ಮತ್ತೆ ಕರೆಯಿತು, ಅವಳು ಬರಲಿಲ್ಲ. ಇನ್ನು ಯಾರಿಗೂ ಸಲೈನು ಹಚ್ಚಲಾರೆ ಎಂದಳಂತೆ. ಕಂಪನಿ ಮುಚ್ಚಲಿಲ್ಲ. ಪಂಪುಗಳನ್ನು ವಾಪಸು ತರಿಸಿ, ರಿಪೇರಿ ಮಾಡಿ, ಹೊಸ ಹೆಸರಿಟ್ಟು ಮತ್ತೆ ಮಾರಲು ತೊಡಗಿತು.

ಬೇಸಿಗೆಯಲ್ಲೊಂದು ದಿನ ಸ್ನೇಹಲ್ ಫೋನ್ ಮಾಡಿದಳು.

"ಅಕ್ಕಾ, ಲೈಬ್ರರಿ ಈಗ ಪ್ರಾಜೆಕ್ಟಿನ ಒಳಗ ಇಟ್ಟೇವ್ರಿ, ನೀವು ಅಂದಂಗ. ಪರೀಕ್ಷಾ ಪಾಸಾಗದ ಏನೂ ಹೊರಗ ಹೋಗೂದಿಲ್ಲ. ನಿನ್ನೆ ದೊಡ್ಡ ಮೀಟಿಂಗಿನ್ಯಾಗ ಸರ್ ಇದರ ಮ್ಯಾಲೆ ಭಾಷಣ ಮಾಡಿದ್ರು. ಇದು ಮೊದಲಿಂದ ಅವರದ ವಿಚಾರ ಅಂತ. ಭಾಳ ಚಪ್ಪಾಳಿ ಬಿತ್ತು."

"ಫೇಲ್ ಆದ್ರ ಕೆಲಸ ನಿಲ್ತದಿಲ್ಲೋ?"

"ನಿಲ್ತದ್ರಿ ಅಕ್ಕಾ. ನಾನ ನೋಡೇನಿ."

"ಹಂಗಾದ್ರ ಆತು."

ಗುಲ್ಜಾರಬಿ ತೀರಿಕೊಂಡು ಆಗಲೇ ವಾರವಾಗಿತ್ತು. ಟೈರಿನ ಅಂಗಡಿಗೆ ಬೀಗ ಬಿದ್ದದ್ದನ್ನು ರೆಬೆಕಾ ದಿನವೂ ನೋಡುತ್ತಿದ್ದಳು. ಸ್ನೇಹಲ್‌ಗೆ ಸುದ್ದಿ ಮುಟ್ಟಿದಂತಿರಲಿಲ್ಲ. ಹೇಳಲು ಬಾಯಿ ತೆರೆದಳು. ಎಷ್ಟೋ ತಿಂಗಳ ಮೇಲೆ ಆ ಹುಡುಗಿಯ ದನಿ ಹಗುರಾಗಿತ್ತು.

"ಊಟ ಆತೇನ?" ಎಂದು ಕೇಳಿ ಫೋನ್ ಇಟ್ಟಳು.