ಲಿವರಿಗೊಂದು ಅರ್ಧ ಶಟರ್

ಸೋಫಾ ತಾತನಿಗೆ ಸೊಸೆಯ ಮೇಲೆ ಕೋಪ. ಅದೂ ಅಂತಿಂಥ ಕೋಪವಲ್ಲ, ಬೆಳಗ್ಗೆಯಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಹಿಂದಿನ ಸಂಜೆ ಕೆಲಸ ಮುಗಿಸಿ ಒಳಗೆ ಹೋಗಿ, ಎಲ್ಲರೂ ಮುದ್ದಿನಿಂದ 'ಬುಗುರಿ' ಎಂದು ಕರೆಯುವ, ಅಂಬೆಗಾಲಿಡುವ ಮೊಮ್ಮಗಳನ್ನು ಎತ್ತಿಕೊಳ್ಳಲು ಕೈ ಚಾಚಿದರೆ, ಸೊಸೆ ಮಗುವನ್ನು ಹಿಂದಕ್ಕೆ ಎಳೆದುಕೊಂಡಿದ್ದಳು.

"ಮಾವ, ನಿಮ್ಮ ಕೈ ತುಂಬ ಫೋಮಿನ ಪುಡಿ. ಇವಳು ನಿಮ್ಮ ಬೆರಳು ಚೀಪ್ತಾಳೆ. ಇನ್ಮೇಲೆ ಎತ್ಕೋಬೇಡಿ" ಅಂದಿದ್ದಳು.

ಮೊಮ್ಮಗಳನ್ನು ಎತ್ತಿಕೊಳ್ಳುವ ಆ ಒಂದು ಗಳಿಗೆಗೋಸ್ಕರ ದಿನವಿಡೀ ಸೊಂಟ ಬಗ್ಗಿಸಿ ದುಡಿಯುವ ಮನುಷ್ಯನಿಗೆ ಹೇಳುವ ಮಾತೇ ಇದು?

ತಾತನ ಕಸುಬು ಹಳೆಯ ಸೋಫಾ ಬಿಚ್ಚಿ ಹೊಸದು ಮಾಡುವುದು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಅವರ ಕೈಚಳಕ ನೋಡಲೆಂದೇ ಜನ ನಿಂತುಬಿಡುತ್ತಿದ್ದರು. ಹೊಲಿಗೆಯ ತುದಿ ಹುಡುಕಿ, ದಾರ ಕಡಿಯದಂತೆ ಎಳೆದರೆ ಬಟ್ಟೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಟ್ಟುಕೊಳ್ಳುತ್ತಿತ್ತು. ಇನ್ನೊಂದು ಅವರ ನಿಯಮ. ಕೆಲಸದ ಬೆಂಚಿನ ಮೇಲೆ ಜಾಗ ಇಲ್ಲದ ದಿನ ಶಟರ್ ಅರ್ಧ ಇಳಿಸಿಬಿಡುತ್ತಿದ್ದರು. ಎಂಥ ದೊಡ್ಡ ಮನುಷ್ಯ ಬಂದರೂ ಸರಿ, ಹೊಸ ಕೆಲಸ ಒಳಗೆ ಬರುವಂತಿಲ್ಲ.

ಅವತ್ತೂ ಶಟರ್ ಅರ್ಧ ಇಳಿದಿತ್ತು. ಅದರಡಿ ತಲೆ ಬಗ್ಗಿಸಿ ಬಂದವರು ಆರೋಗ್ಯ ಕೇಂದ್ರದ ನರ್ಸಕ್ಕ. ಕಂಕುಳಲ್ಲಿ ಕುರ್ಚಿಯ ಹರಿದ ಸೀಟು.

"ಬೆಂಚು ತುಂಬಿದೆ ನರ್ಸಮ್ಮ. ಮುಂದಿನ ವಾರ ಬನ್ನಿ."

"ಸೀಟಿನ ಮಾತು ಬಿಡಿ ತಾತ. ಮುಖ ಯಾಕೆ ಹಾಗೆ ಊದಿದೆ?"

ಅಷ್ಟು ಕೇಳಿದ್ದೇ ತಡ, ತಾತ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೇಳಿಕೊಂಡರು. ಪರದೆಯ ಹಿಂದಿನಿಂದ ಸೊಸೆಯೂ ಮಗುವನ್ನು ಎತ್ತಿಕೊಂಡು ಬಂದಳು.

"ಅಕ್ಕ, ಚುಚ್ಚುಮದ್ದಿನ ದಿನ ನೀವೇ ತಾನೇ ಹೇಳಿದ್ದು? ಹಳೇ ಫೋಮಿಗೆ ಬೆಂಕಿ ಬೇಗ ಹತ್ತದಿರಲಿ ಅಂತ ರಾಸಾಯನಿಕ ಹಾಕಿರ್ತಾರೆ, ಅದು ಧೂಳಿನ ಜೊತೆ ಬಾಯಿಗೆ ಹೋಗುತ್ತೆ ಅಂತ."

"ಹೋದರೆ ಹೋಗಲಿ" ಅಂದರು ತಾತ. "ಮೀಸೆ ಮೂಡಿದಾಗಿಂದ ಈ ಧೂಳು ತಿಂದಿದೀನಿ. ಗುಂಡುಕಲ್ಲಿನ ಹಾಗಿಲ್ವಾ ನಾನು? ದೇಹ ಎಲ್ಲಾನೂ ಅರಗಿಸಿಕೊಳ್ಳುತ್ತೆ."

ನರ್ಸಕ್ಕ ನಕ್ಕರು. "ಅರ್ಧ ನಿಜ ತಾತ. ಆ ಅರ್ಧ ಕೇಳಿದರೆ ನೀವೇ ಬೆರಗಾಗ್ತೀರಿ. ಬಲಗಡೆ ಪಕ್ಕೆಲುಬಿನ ಅಡಿಯಲ್ಲಿ ಲಿವರ್ ಇದೆಯಲ್ಲ, ಅದೂ ನಿಮ್ಮ ಥರಾನೇ ಬಿಚ್ಚೋ ಕೆಲಸಗಾರ. ಈ ರಾಸಾಯನಿಕ ಜಿಡ್ಡಿನ ಹಾಗೆ, ನೀರಿಗೆ ಒಗ್ಗಲ್ಲ. ಲಿವರ್ ಅದರ ಹೊಲಿಗೆ ಬಿಚ್ಚಿ, ನೀರಲ್ಲಿ ಕರಗೋ ಹಾಗೆ ಮಾಡುತ್ತೆ. ಆಮೇಲೆ ಕಿಡ್ನಿ ಅದನ್ನ ಮೂತ್ರದಲ್ಲಿ ಆಚೆ ಕಳಿಸುತ್ತೆ. ಕೆಲವು ಜಾತಿಯವು ಒಂದೆರಡು ದಿನದಲ್ಲೇ ಜಾಗ ಖಾಲಿ ಮಾಡ್ತವೆ."

"ನಾನು ಮಲಗಿದ್ದಾಗಲೂ?"

"ಗೊರಕೆ ಹೊಡೀತಿದ್ದಾಗಲೂ. ಒಂದು ದಿನ ರಜ ಹಾಕಲ್ಲ."

ತಾತ ಮೆಲ್ಲಗೆ ಪಕ್ಕೆಯ ಮೇಲೆ ಕೈ ಇಟ್ಟುಕೊಂಡರು. ಒಳಗೆ ತಮ್ಮದೇ ಕಸುಬಿನವನೊಬ್ಬ ಇಷ್ಟು ವರ್ಷ ಸದ್ದಿಲ್ಲದೆ ದುಡಿಯುತ್ತಿದ್ದಾನೆ! ತಾತನಿಗೆ ಅವನ ಮೇಲೆ ಅಕ್ಕರೆ ಉಕ್ಕಿಬಂತು. ಕೇಳಿದೆಯಾ ಎನ್ನುವಂತೆ ಸೊಸೆಯತ್ತ ಹುಬ್ಬು ಹಾರಿಸಿದರು.

"ಇನ್ನರ್ಧಾನೂ ಕೇಳಿ" ಅಂದರು ನರ್ಸಕ್ಕ. "ಹೊಲಿಗೆ ಇಲ್ಲದೆ ಬರೀ ಗಟ್ಟಿ ಅಂಟು ಬಳಿದಿರೋ ಸೋಫಾ ಬಂದರೆ ಏನು ಮಾಡ್ತೀರಿ?"

"ಅದರ ಸಹವಾಸವೇ ಬೇಡ. ಕೆರೆದು ಕೆರೆದು ಕೈ ಸೋತುಹೋಗುತ್ತೆ. ಮೂಲೆಗೆ ತಳ್ಳಿಡ್ತೀನಿ."

"ಲಿವರ್ ಕೂಡ ಅಲ್ಲೇ ಸೋಲೋದು. ಹಳೇ ಸೋಫಾಗಳಲ್ಲಿ ಬ್ರೋಮಿನ್ ಇರೋ ರಾಸಾಯನಿಕದ ಜಾತಿ ಒಂದಿದೆ. ಅದು ಸುಲಭಕ್ಕೆ ಬಿಚ್ಚಿಕೊಳ್ಳಲ್ಲ. ಮೈಯ ಕೊಬ್ಬಲ್ಲಿ ಸೇರಿಕೊಂಡು ವರ್ಷಗಟ್ಟಲೆ ಕೂತಿರುತ್ತೆ. ಅರೆಬರೆ ಬಿಚ್ಚಿದ ತುಂಡುಗಳೂ ಸುಮ್ಮನಿರಲ್ಲ, ಥೈರಾಯ್ಡಿನ ಕೆಲಸಕ್ಕೆ ಅಡ್ಡ ಬರಬಹುದು. ಮಗು ಬೆಳೆಯೋಕೆ ಥೈರಾಯ್ಡ್ ಸರಿಯಾಗಿರಬೇಕು. ಇವಳ ಲಿವರ್ ಇನ್ನೂ ಕೆಲಸ ಕಲೀತಾ ಇದೆ ತಾತ."

"ಲಿವರ್ ತೊಳೆಯೋ ಔಷಧ ಅಂತ ಸಿಗುತ್ತಂತಲ್ಲ?" ಅಂದರು ತಾತ.

"ಈ ರಾಸಾಯನಿಕಾನ ತೊಳೆದು ತೆಗೆಯೋ ಔಷಧ ಇಲ್ಲ. ಮಾರೋಕೆ ಬಂದವರನ್ನ ನಂಬಬೇಡಿ."

ಸೊಸೆ ಅಳುಕುತ್ತಾ ಕೇಳಿದಳು. "ಅಕ್ಕ, ನಾನೂ ಇದೇ ಮನೇಲಿ ಇದೀನಲ್ಲ. ಹಾಲು ಕುಡಿಸಬಹುದಾ?"

"ಧಾರಾಳವಾಗಿ ಕುಡಿಸು. ನಿನ್ನ ಹಾಲಿಂದ ಮಗೂಗೆ ಆಗೋ ಒಳ್ಳೇದೇ ಹೆಚ್ಚು."

ತಾತನ ಮುಖ ಸಪ್ಪಗಾಗಿತ್ತು. "ಹಾಗಾದ್ರೆ ನಾನು ಇವಳನ್ನ ಎತ್ಕೊಳ್ಳೋ ಹಾಗೇ ಇಲ್ವಾ?"

ಆ ದನಿ ಕೇಳಿ ಸೊಸೆ ನರ್ಸಕ್ಕನ ಮುಖ ನೋಡಿದಳು.

ನರ್ಸಕ್ಕ ಹಿಂದೆ ತಿರುಗಿ ಬಾಗಿಲು ತೋರಿಸಿದರು. "ಶಟರ್ ಯಾಕೆ ಇಳಿಸಿದ್ದೀರಿ?"

"ಬೆಂಚು ತುಂಬಿದೆ ಅಂತ."

"ಲಿವರಿಗೆ ಶಟರ್ ಇಲ್ಲ ತಾತ. ಬಂದದ್ದನ್ನೆಲ್ಲ ಒಳಗೆ ತಗೊಳ್ಳಲೇಬೇಕು. ಅದರ ಪರವಾಗಿ ಶಟರ್ ಇಳಿಸಬೇಕಾದವರು ನಾವೇ. ಸೋಪು ಹಾಕಿ ಕೈ ತೊಳೀರಿ, ಅಂಗಿ ಬದಲಾಯಿಸಿ, ಆಮೇಲೆ ಎಷ್ಟು ಹೊತ್ತು ಬೇಕಾದರೂ ಎತ್ಕೊಳ್ಳಿ. ಯಾರು ಬೇಡ ಅಂತಾರೆ?"

ತಾತ ಪರದೆಯ ಪಕ್ಕ ನೋಡಿದರು. ಮೊಮ್ಮಗಳು ಕೂತು ಆಡಲೆಂದು ಅವರೇ ಹೊಲಿದ ಪುಟ್ಟ ಹಾಸಿಗೆ ಅಲ್ಲಿತ್ತು. ಒಳಗೆ ತುಂಬಿದ್ದು ಹಳೆಯ ಸೋಫಾಗಳ ಫೋಮಿನ ಚೂರು. ತಾತ ತಾವೇ ಹೋಗಿ ಅದನ್ನು ತಂದು, ಬೆಂಚಿನ ಮೇಲಿದ್ದದ್ದನ್ನು ಪಕ್ಕಕ್ಕೆ ಸರಿಸಿ, ಹೊಲಿಗೆಯ ತುದಿ ಹುಡುಕಿ ಎಳೆದರು. ಚೂರುಗಳನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿದರು. "ಇದನ್ನ ಸುಡಬೇಡಿ, ಹೊಗೆ ಇನ್ನೂ ಕೆಟ್ಟದ್ದು" ಅಂದರು ನರ್ಸಕ್ಕ. ಸೊಸೆ ಮಗುವನ್ನು ಒಳಗೆ ಮಲಗಿಸಿ ಬಂದು, ಪೊರಕೆ ಬದಿಗಿಟ್ಟು, ಒದ್ದೆ ಬಟ್ಟೆ ತಂದು ನೆಲ ಒರೆಸಿದಳು. ಒಣ ಪೊರಕೆ ಆಡಿಸಿದರೆ ಧೂಳು ಮೇಲೇಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಸಂಜೆ ನಲ್ಲಿಯ ಹತ್ತಿರ ತಾತ ಮೊಣಕೈವರೆಗೆ ಸೋಪು ಹಚ್ಚಿ, ಉಗುರಿನ ಸಂದಿಯನ್ನೂ ಬಿಡದೆ ಉಜ್ಜಿದರು. ಅಂಗಡಿಯ ಅಂಗಿ ಪರದೆಯ ಆಚೆಯೇ ಉಳಿಯಿತು. ಒಗೆದ ಅಂಗಿ ತೊಟ್ಟು ಒಳಗೆ ಬಂದರೂ ಕೈ ಚಾಚಲು ಹಿಂಜರಿದು ನಿಂತರು. ಸೊಸೆಯೇ ಹತ್ತಿರ ಬಂದು ಮಗುವನ್ನು ಅವರ ತೋಳಿಗೆ ಕೊಟ್ಟಳು.

"ತಗೊಳ್ಳಿ ಮಾವ. ನಿನ್ನೆಯಿಂದ ನಿಮ್ಮನ್ನೇ ಹುಡುಕ್ತಿದ್ದಾಳೆ."

ಬುಗುರಿ ತಾತನ ಬೆರಳು ಹಿಡಿದು ನೇರ ಬಾಯಿಗಿಟ್ಟುಕೊಂಡಳು.

"ಚೀಪು ಕಂದ" ಅಂದರು ತಾತ, ಕಣ್ಣು ಒರೆಸಿಕೊಳ್ಳುತ್ತಾ. "ಇವತ್ತು ನಿನ್ನ ಕೆಲಸಗಾರನ ಬೆಂಚಿಗೆ ನಾನು ಏನೂ ತಂದಿಲ್ಲ."

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಪಕ್ಕೆಯ ಅಡಿಯಲ್ಲೂ ಅಂಥ ಒಬ್ಬ ಕೆಲಸಗಾರನಿದ್ದಾನೆ. ಅವನ ಶಟರ್ ನಿಮ್ಮ ಕೈಯಲ್ಲಿದೆ. ಹರಿದ ಸೋಫಾ, ಪುಡಿಯಾಗುವ ಹಾಸಿಗೆ ಮನೆಯಲ್ಲಿದ್ದರೆ ಮಗುವನ್ನು ಅದರಿಂದ ದೂರವಿಡಿ, ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಇವತ್ತು ಊಟಕ್ಕೆ ಕೂರುವ ಮೊದಲು, ಮಗುವನ್ನು ಎತ್ತಿಕೊಳ್ಳುವ ಮೊದಲು, ಸೋಪು ಹಾಕಿ ಕೈ ತೊಳೆಯಿರಿ.