ಬಾಯಿಪಾಠದ ಕೆಂಪಣ್ಣ

ಚಟ್ಟಕ್ಕೆ ಹೆಗಲು ಕೊಟ್ಟು ನಾಲ್ವರೂ ಎದ್ದು ನಿಂತದ್ದೇ ತಡ, ಒಳಗಿಂದ ಬ್ರಾಹ್ಮಿ ಓಡಿಬಂದಳು.

"ಒಂದ್ನಿಮಿಷ ತಡೀರಿ! ಅಪ್ಪ ಬರೆದಿಟ್ಟಿದ್ದು ಮರೆತೇಹೋಗಿತ್ತು. ಇದನ್ನ ಎಲ್ಲರ ಮುಂದೆ ಕೆಂಪಣ್ಣನವರೇ ಓದ್ಬೇಕಂತೆ."

ಪದ್ಮರಾಜಯ್ಯ ಮೇಷ್ಟ್ರಿಗೆ ಅವಳೊಬ್ಬಳೇ ಮಗಳು. ಮಡಿಸಿದ ಹಾಳೆಯನ್ನು ಅವಳು ಚಟ್ಟದ ಪಕ್ಕದಲ್ಲಿ ನಿಂತಿದ್ದ ಕೆಂಪಣ್ಣನ ಕೈಗಿಟ್ಟಳು. ಐವತ್ತೈದರ ಗಟ್ಟಿ ಆಳು, ಅರಕಲಗೂಡು ಸೀಮೆಯಲ್ಲಿ ಹೊಗೆಸೊಪ್ಪು ಬೆಳೆದು ಸೈ ಅನ್ನಿಸಿಕೊಂಡವನು. ಆದರೆ ಅವನಿಗೆ ಒಂದು ಸಾಲು ನೆಟ್ಟಗೆ ಓದಲು ಬಾರದೆಂಬುದು ಆ ಅಂಗಳದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಒಬ್ಬರೇ, ಅವರು ಚಟ್ಟದ ಮೇಲೆ ಮಲಗಿದ್ದರು.

"ಓದ್ಲಾ ಕೆಂಪ," ಅಂದ ಮುಂದಿನ ಹೆಗಲು ಕೊಟ್ಟಿದ್ದ ಸಣ್ಣಯ್ಯ. ಇಬ್ಬರೂ ಮೇಷ್ಟ್ರ ಹತ್ತಿರ ಒಂದೇ ಚಾಪೆಯಲ್ಲಿ ಕೂತು ಕಲಿತವರು. "ಮೂರ್ನೇ ಕ್ಲಾಸಲ್ಲಿ ಇಡೀ ಪುಸ್ತಕ ನೀರು ಕುಡ್ದಂಗೆ ಓದ್ತಿದ್ದವ್ನು ನೀನು. ಬೇಗ ಓದ್ಬುಡು."

*

ನೀರು ಕುಡಿದ ಹಾಗೆಯೇ, ನಿಜ. ಆಗೆಲ್ಲ ಪದ್ಮರಾಜಯ್ಯನವರಿಗೆ ಬಾಯಿಪಾಠವೊಂದೇ ದಾರಿ. ಅವರು ಒಂದು ಸಾಲು ಹೇಳುವುದು, ನಲವತ್ತು ಮಕ್ಕಳು ಹೆಂಚು ಹಾರಿಹೋಗುವಂತೆ ಅದನ್ನೇ ಕೂಗುವುದು. "ಬಾಯಿಗೆ ಬಂದದ್ದು ಕಣ್ಣಿಗೆ ತಾನೇ ಬರುತ್ತೆ" ಅನ್ನುವುದು ಅವರ ವಾದ. ಎಂಥ ಚೆಂದದ ಗದ್ದಲ ಅದು! ಕೆರೆ ಏರಿಯ ಮೇಲೆ ಹೋಗುವವರಿಗೂ ಪಾಠ ಬಾಯಿಗೆ ಬರುತ್ತಿತ್ತು. ಕೆಂಪಣ್ಣನಿಗಂತೂ ಎರಡು ಸಲ ಕೇಳಿದರೆ ಸಾಕು.

ಇನ್ಸ್‌ಪೆಕ್ಟರು ಬಂದ ದಿನ ಮೇಷ್ಟ್ರು ಅವನನ್ನೇ ಎಬ್ಬಿಸಿದರು. ಹುಡುಗ ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟುಕೊಂಡು ಹಸುವಿನ ಪಾಠವನ್ನು ಗಡಗಡನೆ ಒಪ್ಪಿಸಿದ. "ಭೇಷ್!" ಅಂದರು ಇನ್ಸ್‌ಪೆಕ್ಟರು. ಪುಸ್ತಕ ಇಸಿದುಕೊಂಡ ಮೇಷ್ಟ್ರ ಮುಖ ಮಾತ್ರ ಹುಳ್ಳಗಾಯಿತು. ಆ ಪಾಠದ ನಡುವಿನ ಹಾಳೆ ಎಂದೋ ಹರಿದುಹೋಗಿತ್ತು. ಹುಡುಗ ಇಲ್ಲದ ಹಾಳೆಯನ್ನೂ ಒಂದಕ್ಷರ ಬಿಡದೆ ಓದಿದ್ದ!

ಹುಡುಗನಿಗೆ ಓದಲು ಬರುವುದಿಲ್ಲವೆಂದು ಮೇಷ್ಟ್ರು ಆಗಲೇ ಹೇಳಬಹುದಿತ್ತು. ಆದರೆ ಬಂದ ಹೊಗಳಿಕೆ ಹೋಗುತ್ತದಲ್ಲ, ಬಾಯಿ ಮುಚ್ಚಿಕೊಂಡರು. ಮುಂದಿನ ವರ್ಷದಿಂದ ಕೂಗಿಸುವುದು ನಿಂತಿತು. ಮಕ್ಕಳ ಹೆಸರು, ಅವರ ಮನೆಯ ಎಮ್ಮೆಯ ಹೆಸರು, ಹೀಗೆ ಅವಕ್ಕೆ ಆಗಲೇ ಗೊತ್ತಿದ್ದ ಮಾತನ್ನು ಬೋರ್ಡಿನ ಮೇಲೆ ಬರೆದು, ಅದರಿಂದ ಅಕ್ಷರ ಬಿಡಿಸಿ ತೋರಿಸತೊಡಗಿದರು. "ಮೇಷ್ಟ್ರಿಗೆ ತಲೆ ಕೆಟ್ಟದೆ ಕಣ್ಲಾ, ಅ ಆ ಬಿಟ್ಟು ಎಮ್ಮೆ ಎಸ್ರು ಬರೀತಾರೆ" ಅಂತ ಊರು ಆಡಿಕೊಂಡಿತು. ಮಕ್ಕಳು ಓದಿದವು. ಕೆಂಪಣ್ಣ ಅಷ್ಟರಲ್ಲಿ ಭೇಷಾಗಿ ಪಾಸಾಗಿ, ಶಾಲೆ ಬಿಟ್ಟು, ಹೊಲಕ್ಕೆ ಹೋಗಿಯಾಗಿತ್ತು.

*

ಕೆಂಪಣ್ಣ ಹಾಳೆ ಬಿಡಿಸಿ ಗಂಟಲು ಸರಿಮಾಡಿಕೊಂಡ. "ಊರಿನ ಸಮಸ್ತ ಬಂಧುಗಳಿಗೆ ಪದ್ಮರಾಜಯ್ಯ ಮಾಡುವ ಕೊನೆಯ ನಮಸ್ಕಾರ," ಅಂದ.

ಹಾಳೆಯಲ್ಲಿ ಅದಿರಲಿಲ್ಲ. ಎಷ್ಟು ಸಭೆಗಳಲ್ಲಿ ಕೇಳಿದ್ದನೋ, ಬಾಯಿಗೆ ತಾನಾಗಿ ಬಂತು. ಜೈನರ ಣಮೋಕಾರ ಮಂತ್ರ ಹೇಳುತ್ತಿದ್ದ ಹೆಂಗಸರು ನಿಲ್ಲಿಸಿ ಕಣ್ಣಿಗೆ ಸೆರಗು ಒತ್ತಿಕೊಂಡರು. "ತಿಳಿದೋ ತಿಳಿಯದೆಯೋ ನಾನು ಮಾಡಿದ..." ಇನ್ನೆರಡು ಮಾತು ಸೇರಿಸಿದರೆ ಮಾನ ಉಳಿಯಿತು. ಆದರೆ ಕಣ್ಣು ಚಟ್ಟದ ಕಡೆ ಹೋಯಿತು.

*

ಎರಡು ವರ್ಷದ ಹಿಂದೆ ಅರಕಲಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಬೋರ್ಡಿನ ಎದುರಿಗೇ ನಿಂತು, "ಇದು ಒಳೇನರ್ಸೀಪುರಕ್ಕೆ ಓಯ್ತದಾ?" ಅಂತ ಕೆಂಪಣ್ಣ ಕೇಳಿದ್ದನ್ನು ಮೇಷ್ಟ್ರು ಕಂಡಿದ್ದರು. ಮಾರನೆಯ ಮಧ್ಯಾಹ್ನವೇ ಕೋಲೂರಿಕೊಂಡು, ಅವನು ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ನಿಗೆ ಬಂದರು.

"ತಪ್ಪು ನನ್ನದು ಕಣೋ. ಇನ್ಸ್‌ಪೆಕ್ಟರು ಬಂದ ದಿನವೇ ಗೊತ್ತಾಗಿತ್ತು. ಸುಮ್ಮನಿದ್ದುಬಿಟ್ಟೆ."

"ಈಗ್ಯಾಕ್ ಸಾ ಅದೆಲ್ಲ? ಬುಡಿ."

ಬಿಡಲಿಲ್ಲ. ಬ್ಯಾರನ್ನಿನ ಕದದ ಮೇಲೆ ಸೀಮೆಸುಣ್ಣದಲ್ಲಿ 'ಹೊಗೆ' ಅಂತ ಬರೆದರು. ಆಮೇಲೆ 'ಸೌದೆ', ಆಮೇಲೆ 'ಶುಂಠಿ'. ಎಂಬತ್ತು ದಾಟಿದ ಮೇಷ್ಟ್ರು, ಮೊಮ್ಮಕ್ಕಳನ್ನು ಕಂಡ ಶಿಷ್ಯ. ತಡವರಿಸಿಕೊಂಡು ಅವನು ಓದತೊಡಗಿದ, ಆದರೆ ಅವರೊಬ್ಬರ ಮುಂದೆ ಮಾತ್ರ.

"ಊರ ಮುಂದೆ ಯಾವತ್ತೋ ಓದೋದು?"

"ನೀವ್ ಸತ್ ದಿನ ಓದ್ತೀನಿ, ಓಗಿ ಸಾ!" ಅಂದವನು ನಾಲಿಗೆ ಕಚ್ಚಿಕೊಂಡ.

ಮೇಷ್ಟ್ರು ಕೆಮ್ಮು ಹತ್ತುವ ತನಕ ನಕ್ಕರು. "ಆಗಲಿ, ಬರೆದಿಟ್ಟಿರ್ತೀನಿ. ಅವತ್ತೂ ಬಾಯಿಪಾಠ ಒಪ್ಪಿಸಿದ್ರೆ ನೋಡು ಮತ್ತೆ."

*

"ಇದು ಸುಳ್ಳು," ಅಂದ ಕೆಂಪಣ್ಣ. "ನಾನೀಗ ಯೋಳಿದ್ದು ಇದ್ರಾಗಿಲ್ಲ. ನಂಗೆ ಸರ್ಯಾಗಿ ಓದಕ್ ಬರಾಕಿಲ್ಲ. ಮೂರ್ನೇ ಕ್ಲಾಸಲ್ಲೂ ಬತ್ತಿರ್ಲಿಲ್ಲ. ಈಗ ಓದ್ತೀನಿ, ತಡ ಆಯ್ತದೆ."

ಅಂಗಳದಲ್ಲಿ ಗುಸುಗುಸು ಎದ್ದಿತು. ಅವನು ತೋರುಬೆರಳನ್ನು ಹಾಳೆಯ ಮೇಲಿಟ್ಟ.

"ಕೆಂ... ಪಾ. ಕೆಂಪಾ."

"ಬ್ರಾಹ್ಮವ್ವಾ, ನೀನೇ ಓದ್ಬುಡವ್ವ," ಅಂದ ಸಣ್ಣಯ್ಯ. "ಒತ್ತು ಮುಳುಗೋದ್ರೊಳಗೆ ಸುಡ್ಬೇಕು. ಎತ್ತಿದ್ನ ಇಳಿಸೋ ಅಂಗೂ ಇಲ್ಲ."

"ಇಲ್ಲ. ಅವರೇ ಓದ್ಲಿ."

ಬೆರಳು ಸರಿಯಿತು. "ನೀ... ನು. ನೀನು. ಓ... ದಿ... ದರೆ. ನಾನು... ಪಾ... ಸು." ಕೆಂಪಣ್ಣ ಉಸಿರೆಳೆದುಕೊಂಡು ಮೊದಲಿನಿಂದ ಕೂಡಿಸಿ ಹೇಳಿದ. "ಕೆಂಪಾ, ನೀನು ಓದಿದರೆ ನಾನು ಪಾಸು."

ಅಳು ಬಂತು. ತೋಳಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ಬೆರಳಿಟ್ಟ.

"ನಿ... ಧಾನ... ಓದು. ನನ... ಗೇನು... ಅ... ವ... ಸರ. ನಿಧಾನ ಓದು, ನನಗೇನು ಅವಸರ?"

ಹೆಂಗಸರ ನಡುವೆ ಯಾರೋ ನಕ್ಕರು, ನಗುತ್ತಲೇ ಬಿಕ್ಕಿದರು. ಹಾಳೆಯಲ್ಲಿ ಇನ್ನೂ ಆರೇಳು ಸಾಲಿತ್ತು. ಸಣ್ಣಯ್ಯ ಒಮ್ಮೆ ಪಡುವಣದ ಕಡೆ ನೋಡಿದ, ಒಮ್ಮೆ ಕೆಂಪಣ್ಣನ ಬೆರಳಿನ ಕಡೆ.

"ಇಳಿಸ್ರಲಾ ಕೆಳಕ್ಕೆ," ಅಂದ.

ನಾಲ್ವರೂ ಚಟ್ಟವನ್ನು ಮೆಲ್ಲಗೆ ನೆಲಕ್ಕಿಳಿಸಿ, ಮೇಷ್ಟ್ರ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಕೂತರು.