ಹಳದಿ ಗಿಲಕಿ

ಚನ್ನಪಟ್ಟಣದಲ್ಲಿ ನಿಯಾಜ್ ಅವರ ಗೊಂಬೆ ಕಾರ್ಖಾನೆಗೆ ಅರಗಿನ ಬಣ್ಣದ ಕಡ್ಡಿ ಮಾಡಿಕೊಡುವವನು ನಾನು, ಅವರ ಅಪ್ಪನ ಕಾಲದಿಂದ. ಓದಿದ್ದು ಎರಡನೇ ಕ್ಲಾಸು. ಚೀನಾ ಗೊಂಬೆ ಬಂದ ಮೇಲೆ ಗೊಂಬೆ ಕಡೆಯುವ ನಮ್ಮ ಆರು ಲೇತಿನಲ್ಲಿ ನಾಲ್ಕು ನಿಂತಿದ್ದವು. 2006ರ ಬೇಸಿಗೆಯಲ್ಲಿ ಹೊರದೇಶದ ಹೆಂಗಸೊಬ್ಬಳು ಮಕ್ಕಳ ಗಿಲಕಿ ಕೊಳ್ಳಲು ಬರುತ್ತಾಳೆಂದಾಯಿತು. ನಿಯಾಜ್ ಮಗಳು ಮುಬಶ್ಶಿರಾ ಆಕೆಯ ಜೊತೆ ಮಾತಾಡಲೆಂದು, ನಾನು ಅರಗು ಕಾಯಿಸುವ ಒಲೆಯ ಪಕ್ಕ ಕೂತು ಇಂಗ್ಲಿಷ್ ಕಲಿಯುತ್ತಿದ್ದಳು.

"ಹ್ಯಾಂಡ್-ಮೇಡ್, ಕೈಲಿ ಮಾಡಿದ್ದು ಅಂತ. ಈ ಮಾತು ಎರಡು ತುಂಡು ತಾತ, ಹೇಳುವಾಗ ತುಂಡಿಗೊಂದು ಪೆಟ್ಟು. ಮುಂದೆ ಗೊಂಬೆ ಅಂತ ಬಂದ್ರೆ ಮೊದಲ್ನೇ ತುಂಡಿಗೆ ಭಾರ. ಒಂಟಿಯಾಗಿ ನಿಂತ್ರೆ ಎರಡ್ನೇದಕ್ಕೆ."

"ನಮ್ ಗೊಂಬೆನೂ ಹಂಗೇ ಕಣವ್ವ. ತಲೆ ಬೇರೆ, ಮುಂಡ ಬೇರೆ, ಮಧ್ಯಕ್ಕೊಂದು ಗೂಟ."

ಅವಳು ನಕ್ಕಳು. ನಾನು ಕಡ್ಡಿಯಿಂದ ಮಣೆಗೆ ತಟ್ಟಿದೆ, ಒಂದು ಜೋರಾಗಿ, ಒಂದು ಮೆಲ್ಲಗೆ. ಅದರ ಜೊತೆಗೇ ಅವಳು ಹೇಳಿದಳು: ಲೆಡ್-ಫ್ರೀ.

"ಅಂಗಂದ್ರೇನವ್ವ?"

"ಬಣ್ಣದಲ್ಲಿ ಸೀಸ ಇಲ್ಲ ಅಂತ. ಸೀಸ ವಿಷ ತಾತ, ಮಕ್ಕಳು ಚೀಪಿದ್ರೆ ತಲೆಗೇ ಹೊಡೀತದೆ. ಒಸಿ ಸಿಹಿ ಇರ್ತದಂತೆ, ಅದಕ್ಕೇ ಅವು ಬುಡಲ್ಲ."

ನನ್ನ ಕೈ ನಿಂತಿತು. ಅರಗಿಗೆ ಹಾಕುವ ಬಣ್ಣವನ್ನು ನಾಲಿಗೆಗೆ ತಾಕಿಸಿ ನೋಡುವುದು ನನ್ನ ವಾಡಿಕೆ. ಅರಿಶಿನ ಕಹಿ. ಹೋದ ತಿಂಗಳು ಅರಿಶಿನ ಸಾಲದೆ ಪೇಟೆಯಿಂದ ಹಳದಿ ಪುಡಿ ತಂದಿದ್ದೆ. ಅದು ಸಿಹಿಯಾಗಿತ್ತು. ಮಕ್ಕಳ ಬಾಯಿಗೆ ಒಳ್ಳೆಯದೇ ಆಯಿತು ಅಂದುಕೊಂಡು ಕಲಸಿಬಿಟ್ಟಿದ್ದೆ.

ನಿಯಾಜ್‌ಗೆ ಹೇಳಿದೆ.

"ನಾಳೆ ಬತ್ತಾವ್ರೆ, ಇವತ್ತು ಹೇಳ್ತೀರಲ್ಲ ಲಿಂಗಯ್ನೋರೆ. ನಿಮ್ ನಾಲಿಗೆ ಏನು ಲ್ಯಾಬಾ? ಸುಮ್ಕಿರಿ."

ಮಾರನೆಯ ದಿನ ಬಂದಾಕೆ ಹಳದಿ ಗಿಲಕಿಯನ್ನೇ ಎತ್ತಿಕೊಂಡು ಏನೋ ಕೇಳಿದಳು. ಮುಬಶ್ಶಿರಾ ಉತ್ತರಕ್ಕೆ ಬಾಯಿ ತೆರೆದಳು. ನಾನು ಎದ್ದು ಪುಡಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟೆ.

"ಹಳದಿಗೆ ಆ ಸೀಸ ಇಲ್ಲ ಅನ್ನೋ ಮಾತು ಬ್ಯಾಡ ಕಣವ್ವ. ತಾತ ತಪ್ಪು ಮಾಡವ್ನೆ ಅಂತ ಹೇಳು."

ನಿಯಾಜ್ ಮುಖ ತಿರುಗಿಸಿದರು. ಹುಡುಗಿ ಅಪ್ಪನನ್ನು ನೋಡಿದಳು, ಪೊಟ್ಟಣ ನೋಡಿದಳು, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದಳು. ಭಾರ ಯಾವ ತುಂಡಿಗೆ ಬಿತ್ತೋ ನನಗೆ ಗೊತ್ತಾಗಲಿಲ್ಲ. ಬಂದಾಕೆ ಗಿಲಕಿ ಕೆಳಗಿಟ್ಟು, ಏನನ್ನೂ ಕೊಳ್ಳದೆ ಹೋದಳು.

ಹಳದಿ ಗಿಲಕಿ ತುಂಬಿದ ಮೊದಲ ಪೆಟ್ಟಿಗೆ ಆಗಲೇ ಹೆದ್ದಾರಿಯ ಅಂಗಡಿಗಳಿಗೆ ಹೋಗಿತ್ತು. ಮುಬಶ್ಶಿರಾ ನನ್ನ ಜೊತೆ ಅಂಗಡಿ ಅಂಗಡಿ ತಿರುಗಿದಳು. ಹನ್ನೊಂದು ಸಿಕ್ಕವು. ಮಿಕ್ಕವು ಮಾರಿಹೋಗಿದ್ದವು. ಬಸ್ಸಿನಲ್ಲಿ ಯಾವುದಾದರೂ ಕೂಸು ಏನನ್ನಾದರೂ ಚೀಪುತ್ತಿದ್ದರೆ ಈಗಲೂ ಬಗ್ಗಿ ನೋಡುತ್ತೇನೆ, ಬಣ್ಣ ಯಾವುದೆಂದು.